ಚಹಾದ ಚರಟದ ಶರತ್ಕಾಲ

ನಮ್ಮ ಮನೆಯಲ್ಲಿ ಚಹಾ ಸೋಸಿದ ಮೇಲೆ ಚರಟವನ್ನು ಚೆಲ್ಲುವ ಪದ್ಧತಿಯಿಲ್ಲ. ಸೋಸಣಿಗೆಯಲ್ಲಿ ಉಳಿದದ್ದನ್ನು ಎರಡು ನೀರಿನಲ್ಲಿ ತೊಳೆದು, ಸಕ್ಕರೆಯ ಅಂಟು ಹೋಗುವ ತನಕ ಹಿಂಡಿ, ಸ್ಟೀಲಿನ ತಾಟಿನಲ್ಲಿ ತೆಳ್ಳಗೆ ಹರವಿ ಬಾಲ್ಕನಿಯಲ್ಲಿಟ್ಟರೆ, ಕುವೈತಿನ ಈ ಫರ್ವಾನಿಯಾದ ಬಿಸಿಲು ಅರ್ಧ ತಾಸಿನೊಳಗೆ ಅದನ್ನು ಗರಿಗರಿಯಾಗಿಸಿ ಒಪ್ಪಿಸುತ್ತದೆ. ನೀವು ನಮ್ಮನ್ನು ಕಡುಜಿಪುಣರೆಂದು ಎಣಿಸಿದರೆ ನಾನು ಬೇಸರಿಸುವುದಿಲ್ಲ. ಎದುರು ಬಾಲ್ಕನಿಯ ಮಂಗಳೂರಿನ ಗೃಹಿಣಿಯೂ ಬಹಳ ದಿನ ಹಾಗೆಯೇ ಎಣಿಸಿದ್ದರು. ಒಂದು ದಿನ ತಡೆಯಲಾರದೆ, "ಅಕ್ಕಾ, ಅದೆಂಥದು ನೀವು ದಿನಾ ಒಣಗಿಸುದು?" ಎಂದು ಅವರು ಕೇಳಿದಾಗ, ನನ್ನ ಹೆಂಡತಿ ಗಿರಿಜಾ ಮಾನ ಉಳಿಸಿಕೊಳ್ಳಲು "ತಲಿಗೂದಲಕ್ಕ ಔಷಧ" ಎಂದುಬಿಟ್ಟಳು. ಆ ಮಹಾತಾಯಿ ಮರುದಿನವೇ ಬಟ್ಟಲು ಹಿಡಿದು ಬಂದರು. ಅಂದಿನಿಂದ ನಮ್ಮ ಮಹಡಿಯಲ್ಲಿ ಎರಡು ಮನೆಗಳ ಚರಟ ಒಣಗುತ್ತದೆ, ಅವರದು ಕೂದಲಿಗೆ, ನಮ್ಮದು ರೈಲಿಗೆ.

ಹೌದು, ರೈಲಿಗೇ. ಒಣಗಿದ ಚಹಾದ ಎಲೆಯ ಚೂರೊಂದನ್ನು ಬೆರಳ ತುದಿಯ ಮೇಲಿಟ್ಟು ನೀವು ಎಂದಾದರೂ ನಿರುಕಿಸಿ ನೋಡಿದ್ದೀರಾ? ಅಂಚು ಮುರುಟಿ, ಒಂದು ಬದಿ ಕಂದಾಗಿ, ಇನ್ನೊಂದು ಬದಿ ತುಸು ಕೆಂಪೇರಿ, ಮರದಿಂದ ಆಗಷ್ಟೇ ಕಳಚಿ ಬಿದ್ದಂತೆ ಕಾಣುವ ಅದರ ಲಾವಣ್ಯವನ್ನು ಕುಡಿಯುವವರು ಯಾರೂ ಗಮನಿಸುವುದಿಲ್ಲ. ನಿಜದ ರೈಲಿನ ಎಂಬತ್ತೇಳನೆಯ ಒಂದು ಪಾಲಿನಷ್ಟಿರುವ ನನ್ನ ರೈಲಿನ ಪಕ್ಕದಲ್ಲಿ, ಹೆಬ್ಬೆಟ್ಟಿನಷ್ಟೆತ್ತರದ ಮರಗಳ ಬುಡದಲ್ಲಿ, ಅದನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿದರೆ ಸಾಕ್ಷಾತ್ ಶರತ್ಕಾಲವೇ ಇಳಿದು ಬರುತ್ತದೆ. ಎಂಟಡಿ ಉದ್ದ, ನಾಲ್ಕಡಿ ಅಗಲದ ಮರದ ಹಲಗೆಯ ಮೇಲೆ ಗುಡ್ಡ, ಹಳ್ಳ, ಕಮಾನು ಸೇತುವೆ, ಪುಟ್ಟ ನಿಲ್ದಾಣ, ಕೆಂಪು ಹಳದಿ ಎಲೆಗಳ ತೋಪು ಮತ್ತು ಇವೆಲ್ಲವನ್ನೂ ಸುತ್ತುವ ರೈಲುಹಳಿ: ಇದು ನಾನು ಎರಡು ವರ್ಷ ಕೂತು ಕಟ್ಟಿದ ಲೋಕ. ವಿನಯ ತೋರಿಸುವುದು ಸಭ್ಯರ ಲಕ್ಷಣವೆಂದು ಬಲ್ಲೆ. ಆದರೆ ಈ ವಿಷಯದಲ್ಲಿ ನನಗೆ ವಿನಯ ಬರುವುದಿಲ್ಲ, ದಯವಿಟ್ಟು ಸಹಿಸಿಕೊಳ್ಳಿ.

ಕುವೈತಿನಲ್ಲಿ ರೈಲಿಲ್ಲ. ಬರುತ್ತದೆ ಎಂಬ ಸುದ್ದಿ ಮಾತ್ರ ನಾನು ಇಲ್ಲಿಗೆ ಬಂದಾಗಿನಿಂದ ಬರುತ್ತಲೇ ಇದೆ. ಹೀಗಾಗಿ ನನಗೆ ತಿಳಿದ ಮಟ್ಟಿಗೆ ಈ ದೇಶದಲ್ಲಿ ವೇಳೆಗೆ ಸರಿಯಾಗಿ ಹೊರಡುವ ಏಕೈಕ ರೈಲು ನಮ್ಮ ಮೂರನೆಯ ಮಹಡಿಯ ಹಿಂದಿನ ಕೋಣೆಯಿಂದ ಹೊರಡುತ್ತದೆ. ಮಗಳು ಕಾಲೇಜಿಗೆಂದು ಬೆಳಗಾವಿಗೆ ಹೋದ ಮೇಲೆ ತೆರವಾದ ಕೋಣೆ ಅದು. ಅವಳ ಮಂಚದ ಅರ್ಧಭಾಗ ಈಗ ಗುಡ್ಡದ ಕೆಳಗೆ ಹೋಗಿದೆ. ಈ ಸುದ್ದಿ ಕೇಳಿದಾಗ ಅವಳು ಫೋನಿನಲ್ಲಿ "ಅಪ್ಪಾ, ಯು ಆರ್ ಇಂಪಾಸಿಬಲ್" ಎಂದಳು. ಅದನ್ನು ನಾನು ಹೊಗಳಿಕೆಯ ಖಾತೆಗೆ ಸೇರಿಸಿಕೊಂಡೆ.

ಶರತ್ಕಾಲವೇ ಏಕೆ ಎಂದು ಕೇಳುವವರಿದ್ದಾರೆ. ನಿಜ ಹೇಳಬೇಕೆಂದರೆ ಇದಕ್ಕೆ ಕಾರಣ ನನ್ನ ಬಲದವಡೆಯ ಹಲ್ಲು. ನರ ತೆಗೆಸಿಕೊಳ್ಳಲು ನಾನು ನಾಲ್ಕು ಬಾರಿ ದಂತವೈದ್ಯರಲ್ಲಿಗೆ ಹೋಗಬೇಕಾಯಿತು. ನಾಲ್ಕು ಬಾರಿಯೂ ಎದುರು ಗೋಡೆಯಲ್ಲಿ ಒಂದೇ ಚಿತ್ರ. ಯಾವುದೋ ಶೀತಲ ದೇಶದ ಹಳ್ಳಿ. ಬೆಂಕಿ ಹತ್ತಿದಂತೆ ಕೆಂಪಗೆ ನಿಂತ ಮರಗಳು. ಅವುಗಳ ನಡುವೆ ಬಾಗಿ ಹೋಗುವ ಒಂಟಿ ರೈಲುಹಳಿ. ಹೊರಗೆ ಕಾರಿನ ಬಾಗಿಲ ಹಿಡಿಕೆ ಮುಟ್ಟಿದರೆ ಬೊಬ್ಬೆ ಬರುವಂಥ ಧಗೆ, ಒಳಗೆ ಬಾಯ್ತೆರೆದು ಬಿದ್ದ ನಾನು, ಕಣ್ಣೆದುರಿಗೆ ಆ ತಂಪು. ದವಡೆ ಮರಗಟ್ಟಿದ್ದ ಆ ಹೊತ್ತಿನಲ್ಲಿ, ಆ ಹಳಿಯ ಮೇಲೆ ರೈಲು ಬಂದೇ ಬರುತ್ತದೆಂದು ಕಾಯುತ್ತ ಮಲಗಿದ್ದೆ. ಬರಲಿಲ್ಲ. ಹಾಗಾದರೆ ನಾನೇ ಬಿಡುತ್ತೇನೆ ಎಂದು ಹಟ ಹುಟ್ಟಿತು.

ಹಟ ಹುಟ್ಟಿದ ಮೇಲೆ ಮನೆಯ ಅಡಿಗೆಮನೆಗೆ ನೆಮ್ಮದಿ ಉಳಿಯಲಿಲ್ಲ. ಪಾತ್ರೆ ತಿಕ್ಕುವ ಸ್ಪಂಜನ್ನು ಮಿಕ್ಸರಿನಲ್ಲಿ ರುಬ್ಬಿದರೆ ಎಲೆಗೊಂಚಲು ಸಿದ್ಧವಾಗುತ್ತದೆ ಎಂಬುದನ್ನು ಕಂಡುಕೊಂಡವನು ನಾನು, ಆ ಮಿಕ್ಸರಿನಲ್ಲಿ ಮರುದಿನ ಶೇಂಗಾ ಚಟ್ನಿ ಮಾಡಿ ಹಸಿರು ಚೂರುಗಳನ್ನು ಕಂಡುಕೊಂಡವಳು ಗಿರಿಜಾ. ಹಳದಿಗೆ ಅರಿಷಿಣ, ಕೆಂಪಿಗೆ ಊರಿನಿಂದ ತಂದ ಬ್ಯಾಡಗಿ ಮೆಣಸಿನಕಾಯಿಯ ಪುಡಿ. ಅಂಗಡಿಯ ಯಾವ ಬಣ್ಣಕ್ಕೂ ಆ ಕಡುಗೆಂಪು ಬರದೆಂದು ಇವತ್ತಿಗೂ ಪಂಥ ಕಟ್ಟುತ್ತೇನೆ. ಆದರೆ ಎ.ಸಿ.ಯ ಗಾಳಿ ತೋಪಿನ ಮೇಲೆ ನೇರವಾಗಿ ಬೀಸುತ್ತದೆಂಬುದನ್ನು ಯೋಚಿಸಿರಲಿಲ್ಲ. ಮೊದಲ ದಿನ ಗುಂಡಿ ಒತ್ತಿದ್ದೇ ತಡ, ಶರತ್ಕಾಲ ನೇರವಾಗಿ ಮೂಗಿಗೇರಿತು. ಗಂಡಹೆಂಡಿರಿಬ್ಬರೂ ಸೀನಿ ಸೀನಿ ಬಾಲ್ಕನಿಗೆ ಓಡಿದೆವು. "ನೀವು ಕಟ್ಟಿದ ಈ ಊರಾಗ ಜನಾ ಹೆಂಗ ಬದಕ್ತಾರೋ" ಎಂದು ಗಿರಿಜಾ ಕಣ್ಣೊರೆಸಿಕೊಂಡಳು. ಆಮೇಲೆ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿಯುವ ಉಪಾಯ ಹುಡುಕಿದೆ.

ಆದರೆ ಇವೆಲ್ಲ ಅಲಂಕಾರ. ನನ್ನ ನಿಜವಾದ ಅಹಂಕಾರ ಹಳಿಯ ಮೇಲಿತ್ತು. ನಾನು ಉದ್ಯೋಗದಿಂದ ಪೈಪುಗಳ ಮನುಷ್ಯ. ಎಣ್ಣೆ ಶುದ್ಧೀಕರಣ ಘಟಕದಲ್ಲಿ ಮೈಲಿಗಟ್ಟಲೆ ಉದ್ದದ ಪೈಪುಗಳ ಯೋಗಕ್ಷೇಮ ನೋಡುವುದು ನನ್ನ ಕೆಲಸ. ಎರಡು ಪೈಪುಗಳು ಕೂಡುವಲ್ಲಿ ಬಿರುಕು ಇರಕೂಡದು ಎಂಬುದು ನನಗೆ ಉಸಿರಾಟದಷ್ಟೇ ಸಹಜ. ಅದೇ ಶ್ರದ್ಧೆಯಿಂದ ಮೂರು ಮೂರು ಅಡಿಯ ಹಳಿಗಳನ್ನು ಒಂದಕ್ಕೊಂದು ಒತ್ತಿ, ಬೆಸುಗೆ ಹಾಕಿ, ಅರದಿಂದ ಉಜ್ಜಿ, ಕಣ್ಣು ಮುಚ್ಚಿ ಬೆರಳಾಡಿಸಿದರೆ ಎಲ್ಲಿ ಕೂಡಿಸಿದ್ದೇನೆಂದು ನನಗೇ ತಿಳಿಯದಂತೆ ಮಾಡಿದ್ದೆ. ರೈಲು ಹೊರಟರೆ ಎಣ್ಣೆಯ ಮೇಲೆ ಜಾರಿದಂತೆ, ಸದ್ದಿಲ್ಲ, ಕುಲುಕಿಲ್ಲ. ನೋಡಲು ಬಂದ ಗೆಳೆಯರು ಬಾಯಿ ತೆರೆದು ನಿಲ್ಲುತ್ತಿದ್ದರು. ನಾನು ಇಲ್ಲದ ಮೀಸೆಯನ್ನು ತಿರುವುತ್ತಿದ್ದೆ.

ಆದರೆ ಇವರೆಲ್ಲರ ಹೊಗಳಿಕೆ ನನಗೆ ಲೆಕ್ಕಕ್ಕಿರಲಿಲ್ಲ. ನನಗೆ ಬೇಕಾಗಿದ್ದದ್ದು ಒಬ್ಬರ ಬಾಯಿಂದ ಒಂದು ಮಾತು. ಅವರು ನಮ್ಮ ಮಾವನವರು, ಗಿರಿಜಾಳ ತಂದೆ, ವೀರಭದ್ರಪ್ಪ. ಗದಗ ಸೀಮೆಯ ರೈಲ್ವೆಯಲ್ಲಿ ಗ್ಯಾಂಗ್‌ಮೇಟ್ ಆಗಿ, ಅಂದರೆ ಹಳಿ ಕಾಯುವ ಹತ್ತು ಹನ್ನೆರಡು ಆಳುಗಳ ಮೇಸ್ತ್ರಿಯಾಗಿ, ನಿವೃತ್ತರಾದವರು. ಮಾತು ಬಲು ಕಡಿಮೆ. ನಾನು ಹೆಣ್ಣು ನೋಡಲು ಹೋದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಕುವೈತದಾಗ ರೈಲ್ವೆ ಐತೇನು?" ಇಲ್ಲ ಎಂದೆ. ತುಸು ಹೊತ್ತು ನೆಲ ನೋಡಿ, "ಇರ್ಲಿ" ಎಂದರು. ಆ "ಇರ್ಲಿ"ಯ ಮೇಲೆ ನಮ್ಮ ಮದುವೆಯಾಯಿತು. ಮುಂದೆ ನಾನು ಕಾರು ಕೊಂಡಾಗ, ಸೂಪರ್‌ವೈಸರ್ ಆದಾಗ, ಹುಬ್ಬಳ್ಳಿಯಲ್ಲಿ ಮನೆ ಕಟ್ಟಿಸಿದಾಗ, ಪ್ರತಿ ಸಲವೂ ಅವರು ಎಲ್ಲವನ್ನೂ ಒಮ್ಮೆ ಸುತ್ತಿ ನೋಡಿ ಅದೇ "ಇರ್ಲಿ"ಯನ್ನು ದಯಪಾಲಿಸಿದರು. ಇಪ್ಪತ್ತೆರಡು ವರ್ಷದಲ್ಲಿ ನಾನು ಅವರಿಂದ ಗಳಿಸಿದ ಒಟ್ಟು ಪ್ರಶಂಸೆ ಅಷ್ಟೇ. ಅವರು ಮನಸಾರೆ ಹೊಗಳುವುದನ್ನು ಕೇಳಿದ್ದು ಒಂದೇ ಸಂದರ್ಭದಲ್ಲಿ: ರಿಪೇರಿಯಾದ ಹಳಿಯನ್ನು ಪರೀಕ್ಷಿಸಿ, ಇನ್ನು ಗಾಡಿ ಪೂರ್ಣ ವೇಗದಲ್ಲಿ ಹೋಗಬಹುದು ಎಂದು ಒಪ್ಪಿಗೆ ಕೊಡುವಾಗ "ಲೈನ್ ಫಿಟ್" ಅನ್ನುತ್ತಿದ್ದರಂತೆ. ಆ ಹಳೆಯ ದಿನಗಳ ಕತೆ ಹೇಳುವಾಗ ಆ ಎರಡು ಶಬ್ದಗಳಿಗೆ ಅವರ ಕಣ್ಣು ಮಿನುಗುತ್ತಿತ್ತು. ಆ ಮಾತನ್ನು ನನ್ನ ಹಳಿಯ ಬಗ್ಗೆ ಅವರ ಬಾಯಿಂದ ಕೇಳಬೇಕು ಎಂಬ ಆಸೆ, ನಗಬೇಡಿ, ನನ್ನನ್ನು ಎರಡು ವರ್ಷ ಬೆನ್ನು ಬಾಗಿಸಿ ದುಡಿಸಿತು.

ಹೋದ ವರ್ಷ ಜುಲೈ, ಆಗಸ್ಟಿನ ರಜೆಗೆ ಊರಿಗೆ ಹೋದೆವು. ಎಲ್ಲರೂ ಮಾಡುವಂತೆ ನೀರಿನ ಕವಾಟ ಮುಚ್ಚಿ, ಎ.ಸಿ. ಆರಿಸಿ, ಕರ್ಟನ್ ಎಳೆದು, ಬೀಗ ಹಾಕಿ ಹೊರಟಿದ್ದೆವು. ಊರಿನಲ್ಲಿ ನಾನು ಮಾವನವರ ಮುಂದೆ ಒಂದು ತಿಂಗಳು ಬಡಾಯಿ ಕೊಚ್ಚಿದೆ. ನನಗೇ ನಾಚಿಕೆಯಾಗುವಷ್ಟು ಕೊಚ್ಚಿದೆ. "ಮಾವಾರ, ಒಂದ ಒಂದು ಕೂದಲೆಳಿ ಸಂದ ಇಲ್ಲ ನೋಡ್ರಿ" ಎಂದು ನಾನೆಂದಾಗ ಅವರು ಅಡಿಕೆ ಹೋಳು ಬಾಯಿಗೆ ಹಾಕಿಕೊಳ್ಳುತ್ತಿದ್ದವರು ಅರ್ಧಕ್ಕೇ ಕೈ ನಿಲ್ಲಿಸಿದರು. ಅದನ್ನು ನಾನು ವಿಸ್ಮಯವೆಂದು ಅರ್ಥ ಮಾಡಿಕೊಂಡೆ. ಗಿರಿಜಾ ಎಷ್ಟು ಸಲ ಕರೆದರೂ ಬಾರದ ಮನುಷ್ಯ, "ಹಂಗಾರ ಒಮ್ಮೆ ನೋಡೂಣು" ಎಂದು ಮೂರು ತಿಂಗಳ ವಿಸಿಟ್ ವೀಸಾದಲ್ಲಿ ನಮ್ಮ ಜೊತೆಗೇ ಹೊರಟುಬಿಟ್ಟರು. ವಿಮಾನದಲ್ಲಿ ನನಗೆ ನೆಲ ಕಾಣುತ್ತಿರಲಿಲ್ಲ. ಅದು ವಿಮಾನದ ಎತ್ತರದಿಂದಲ್ಲ.

ಸೆಪ್ಟೆಂಬರಿನ ಮೊದಲ ವಾರ. ಬೀಗ ತೆಗೆದರೆ ಒಳಗಿನಿಂದ ಭಟ್ಟಿಯ ಬಾಯಿ ತೆರೆದಂತೆ ಬಿಸಿ. ಗಿರಿಜಾ ಎ.ಸಿ. ಹಾಕಲು ಓಡಿದಳು, ಮಾವನವರು ಚಪ್ಪಲಿ ಬಿಟ್ಟವರೇ "ಲೈನ್ ಎಲ್ಲೈತಿ?" ಎಂದರು. ನಾನು ಮದುಮಗನ ಗತ್ತಿನಲ್ಲಿ ಹಿಂದಿನ ಕೋಣೆಯ ಬಾಗಿಲು ನೂಕಿ ದೀಪ ಹಾಕಿದೆ. ಸೇತುವೆಯ ಬಳಿ ನನ್ನ ಹಳಿ ಹಲಗೆಯಿಂದ ಮೇಲೆದ್ದು ಹೆಡೆಯೆತ್ತಿ ನಿಂತಿತ್ತು. ತೋಪಿನ ತಿರುವಿನಲ್ಲಿ ಅದು ಪಕ್ಕಕ್ಕೆ ಹೊರಳಿ ಮೂರು ಮರಗಳನ್ನು ಕೆಡವಿತ್ತು. ನಿಲ್ದಾಣದ ಮುಂದೆ ಎರಡೂ ಹಳಿಗಳು ಜಿಲೇಬಿ ಹಾಕಲು ಹೊರಟು ಅರ್ಧಕ್ಕೆ ಕೈಬಿಟ್ಟಂತೆ ಸುರುಳಿ ಸುತ್ತಿದ್ದವು. ನೆಲ ಬಾಯಿ ಬಿಡಬಾರದೇ ಎನಿಸಿತು, ಆದರೆ ನಾವಿದ್ದದ್ದು ಮೂರನೆಯ ಮಹಡಿ.

ಮಾವನವರು ಕೋಟು ತೆಗೆದು ಮಂಚದ ಮೇಲಿಟ್ಟರು. ಮೊಣಕಾಲೂರಿ, ಕೆನ್ನೆಯನ್ನು ಹಲಗೆಗೆ ಆನಿಸಿ, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಹಳಿಯ ಮಟ್ಟಕ್ಕೆ ತಂದು ಉದ್ದಕ್ಕೂ ನೋಡಿದರು. ಹಳಿ ಕಾಯುವವರು ಹೀಗೇ ನೋಡುತ್ತಾರೆಂದು ಗಿರಿಜಾ ಆಮೇಲೆ ಹೇಳಿದಳು. ನಿಂತು ನೋಡಿದರೆ ನೇರವಾಗಿ ಕಾಣುವ ಹಳಿ, ಮಲಗಿ ನೋಡಿದರೆ ತನ್ನ ಡೊಂಕನ್ನೆಲ್ಲ ಒಪ್ಪಿಕೊಳ್ಳುತ್ತದಂತೆ. ಎರಡು ನಿಮಿಷದ ಮೇಲೆ ತಲೆ ಎತ್ತದೆಯೇ ಕೇಳಿದರು: "ಅಳಿಯಂದ್ರ, ಬ್ಯಾಸಿಗಿಗೆ ಹಳಿ ಎಲ್ಲಿ ಹೋಗಬೇಕು? ಸಂದನ ಬಿಟ್ಟಿಲ್ಲಲ್ಲ?"

ವಾಚಕ ಮಹಾಶಯರೇ, ಈಗ ನಾನು ತಪ್ಪೊಪ್ಪಿಕೊಳ್ಳಬೇಕು. ಬಿಸಿಗೆ ಲೋಹ ಹಿಗ್ಗುತ್ತದೆ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ನನಗಂತೂ ಅದು ಅನ್ನ ಕೊಡುವ ವಿದ್ಯೆ. ಪೈಪು ಹಿಗ್ಗಲು ಜಾಗವಿರಲೆಂದು ಅಲ್ಲಲ್ಲಿ ಡೊಂಕು ಕೊಟ್ಟು ತಿರುಗಿಸುವುದನ್ನು ನಾನು ಹೊಸ ಹುಡುಗರಿಗೆ ವರ್ಷಕ್ಕೆರಡು ಸಲ ಗಂಟಲು ಹರಿದುಕೊಂಡು ಕಲಿಸುತ್ತೇನೆ. ಆದರೆ ಮನೆಗೆ ಬಂದು ಎ.ಸಿ. ಹಾಕಿಕೊಂಡು ಕೂತವನಿಗೆ ಜಗತ್ತಿನಲ್ಲಿ ಬೇಸಿಗೆ ಎಂಬುದೊಂದಿದೆ ಎಂದೇ ಮರೆತುಹೋಯಿತು. ಇಲ್ಲಿ ವರ್ಷಗಟ್ಟಲೆ ಬದುಕಿದವರ ರೋಗವಿದು: ಮನೆಯಿಂದ ಕಂಪನಿಯ ಬಸ್ಸಿಗೆ, ಬಸ್ಸಿನಿಂದ ಆಫೀಸಿಗೆ, ಅಲ್ಲಿಂದ ಅಂಗಡಿಗೆ ತಂಪಿನಿಂದ ತಂಪಿಗೆ ಜಿಗಿಯುತ್ತ, ನಡುವಿನ ಬೆಂಕಿಯನ್ನು ಉಸಿರು ಹಿಡಿದು ದಾಟಿ, ಅದು ಇರಲೇ ಇಲ್ಲವೆಂಬಂತೆ ಇರುತ್ತೇವೆ. ಬಿಸಿಲು ಐವತ್ತು ಡಿಗ್ರಿಯ ಹತ್ತಿರ ಸುಳಿದಾಡುವ ಊರಿನಲ್ಲಿ ಕೂತು ನಾನು ಶರತ್ಕಾಲದ ಹಳ್ಳಿ ಕಟ್ಟಿದ್ದೆ, ಕಟ್ಟುವಾಗ ನಾನೂ ಆ ಹಳ್ಳಿಯ ಹವೆಯಲ್ಲೇ ಇದ್ದೆ. ಇದನ್ನೆಲ್ಲ ಮಾವನವರಿಗೆ ವಿವರಿಸಹೊರಟೆ. ಅವರು ಕೈಯೆತ್ತಿ ತಡೆದು, "ಇರ್ಲಿ" ಎಂದರು. ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ನೋವು ಕೊಟ್ಟ "ಇರ್ಲಿ" ಇನ್ನೊಂದಿಲ್ಲ.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಮಾವನವರು ಮಗಳ ಹತ್ತಿರ ಕೆಂಪು ಬಟ್ಟೆ ಕೇಳಿದರು. ಅವಳು ಕುಪ್ಪಸದ ತುಂಡು ಕೊಟ್ಟಳು. ಉಗುರಿನಷ್ಟಗಲ ಕತ್ತರಿಸಿ, ಹಲ್ಲುಕಡ್ಡಿಗೆ ಅಂಟಿಸಿ, ಎರಡು ಬಾವುಟ ಮಾಡಿ, ಕೆಡವಬೇಕಾದ ಹಳಿಯ ಆಚೆಗೊಂದು ಈಚೆಗೊಂದು ನೆಟ್ಟರು. "ಲೈನ್ ಮ್ಯಾಲೆ ಕೈ ಹಾಕೂ ಮುಂದ ಬಾವುಟಾ ಇರಬೇಕ್ರಿ" ಎಂದರು. ಗಾಡಿಯ ಪ್ಲಗ್ಗು ಕಿತ್ತಿಟ್ಟಿದ್ದೇನೆ, ಎಲ್ಲಿಂದಲೂ ಯಾವ ರೈಲೂ ಬರಲಾರದು ಎಂದು ನಾನು ಹೇಳಿದೆ. ಅವರು ನನ್ನನ್ನು ಕರುಣೆಯಿಂದ ನೋಡಿದರು. ಅವರ ಗ್ಯಾಂಗಿನಲ್ಲಿ ಒಬ್ಬ ಹೀಗೆಯೇ, ಇವತ್ತು ಗಾಡಿಯಿಲ್ಲ ಎಂದವನು, ಬಾವುಟ ನೆಡದೆ ಬಗ್ಗಿದ್ದನಂತೆ. ಒಂದು ಎಂಜಿನ್ನು ಹೇಳದೆ ಕೇಳದೆ ಬಂತಂತೆ. ಮಾವನವರು ಅವನ ಅಂಗಿಯ ಕಾಲರು ಹಿಡಿದು ಎಳೆದರಂತೆ. ಕತೆಯನ್ನು ಅವರು ಅಲ್ಲಿಗೇ ನಿಲ್ಲಿಸಿದರು. ನಾನು ಬಾವುಟದ ವಿಷಯ ಮತ್ತೆ ಎತ್ತಲಿಲ್ಲ.

ಆಮೇಲಿನ ಮೂರು ವಾರ ಅವರು ಮೇಸ್ತ್ರಿ, ನಾನು ಗ್ಯಾಂಗಿನ ಆಳು. ಅವರು ಹೇಳಿದಲ್ಲೆಲ್ಲ ಹಳಿ ಕತ್ತರಿಸಿದೆ. ಎರಡು ಹಳಿಗಳ ನಡುವೆ ಎಷ್ಟು ಸಂದು ಬಿಡಬೇಕೆಂದು ಅಳೆಯಲು ಅವರಿಗೊಂದು ದಪ್ಪ ಕಾಗದ ಬೇಕಿತ್ತು. ನನ್ನ ಅಂಗಿಯ ಜೇಬಿನಿಂದ ಇಣುಕುತ್ತಿದ್ದ ವಿಸಿಟಿಂಗ್ ಕಾರ್ಡನ್ನು ಎಳೆದುಕೊಂಡು, ಬೆರಳಲ್ಲಿ ಹೊಸಕಿ, "ಇದು ನಡೀತೈತಿ" ಎಂದರು. ಕತ್ತರಿಸಿದ ತುಂಡುಗಳಲ್ಲಿ ನನ್ನ ಹೆಸರು ಒಂದು ಸಂದಿಗೆ ಹೋಯಿತು, ಹುದ್ದೆ ಇನ್ನೊಂದಕ್ಕೆ, ಕಂಪನಿಯ ಲಾಂಛನ ಸೇತುವೆಯ ಮೇಲಿನ ಸಂದಿಗೆ. ಹಳಿ ಕೂತ ಮೇಲೆ ತುಂಡುಗಳನ್ನು ಮತ್ತೆ ಎಳೆದು ತೆಗೆದೆವು. ಸಂದು ಬಿಟ್ಟಲ್ಲಿ ಕರೆಂಟು ದಾಟುವುದು ಹೇಗೆ ಎಂಬ ಪ್ರಶ್ನೆ ಬಂದಾಗ ನನ್ನ ಸರದಿ. ಪ್ರತಿ ಸಂದಿಯ ಕೆಳಗೂ ಕೂದಲಿನಂಥ ತಂತಿಯನ್ನು ತುಸು ಸಡಿಲ ಬಿಟ್ಟು ಬೆಸೆದೆ. ಅವರು ಕನ್ನಡಕ ಏರಿಸಿ ಒಂದೊಂದನ್ನೂ ನೋಡಿದರು. ಏನೂ ಅನ್ನಲಿಲ್ಲ, "ಇರ್ಲಿ" ಕೂಡ ಅನ್ನಲಿಲ್ಲ. ನನಗೆ ಆಸೆ ಚಿಗುರಿತು.

ನನ್ನ ಶರತ್ಕಾಲ ಮಾತ್ರ ಅವರಿಗೆ ಗಂಟಲಲ್ಲಿ ಇಳಿಯಲಿಲ್ಲ. ಕೆಂಪು ತೋಪನ್ನು ಬಹಳ ಹೊತ್ತು ನೋಡಿ, "ಗಿಡಕ್ಕ ರೋಗ ಬಿದ್ದೈತೇನ್ರಿ? ಹತ್ತಿ ಎಲಿ ಹಿಂಗ ಕೆಂಪಾದ್ರ ನಮ್ಮ ಕಡೆ ಔಷಧದ ಎಣ್ಣಿ ಹೊಡೀತಾರ" ಎಂದರು. ಹಳಿಗಳ ನಡುವೆ ನಾನು ಅಷ್ಟು ಕಲಾತ್ಮಕವಾಗಿ ಉದುರಿಸಿದ್ದ ಚಹಾದ ಎಲೆಗಳನ್ನು ಕಂಡು ಅವರಿಗೆ ಸಿಟ್ಟೇ ಬಂತು. ಹಳಿಯ ಮೇಲೆ ಕಸ ಬಿದ್ದರೆ ಅದು ಗ್ಯಾಂಗ್‌ಮೇಟನ ಮೋರೆಯ ಮೇಲೆ ಬಿದ್ದಂತೆ. ಗಿರಿಜಾಳ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ದಿನಾ ಬೆಳಿಗ್ಗೆ ಹಳಿಯುದ್ದಕ್ಕೂ ಗುಡಿಸತೊಡಗಿದರು. ಮರದಿಂದ ಎಲೆ ಉದುರಿದರೆ ಅದು ಹಳಿಯನ್ನು ನೋಡಿಕೊಂಡು ಆಚೆ ಬೀಳುತ್ತದೆಯೇ ಎಂದು ನಾನು ವಾದಿಸಿದೆ. "ಬೀಳ್ಲಿ. ಬಿದ್ದದ್ದು ಬಳಿಯೂದು ನಮ್ಮ ಕೆಲಸ" ಎಂದರು. ಅಲ್ಲದೆ ನನ್ನ ಎಲೆಗಳು ಬಾಳೆ ಎಲೆಯಷ್ಟು ದೊಡ್ಡವಂತೆ, ಜರಡಿ ಹಿಡಿಯಬೇಕಂತೆ.

ಅಷ್ಟರಲ್ಲಿ ಸೀಗಿ ಹುಣ್ಣಿಮೆ ಬಂತು. ನಮ್ಮ ಕಡೆ ಆ ದಿನ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ, ಬೆಳೆ ಹೊತ್ತ ನೆಲವನ್ನು ಬಸುರಿ ಹೆಂಗಸಿನಂತೆ ಪೂಜಿಸಿ, ಕಡಬು, ಪುಂಡಿಪಲ್ಯ, ಅನ್ನವನ್ನೆಲ್ಲ ಹೊಲದ ತುಂಬ ಚೆಲ್ಲುತ್ತಾರೆ. ಅದಕ್ಕೆ ಚರಗ ಎನ್ನುತ್ತಾರೆ. ಗಿರಿಜಾ ಅಡಿಗೆ ಮಾಡಿದ್ದಳು, ನಾಲ್ಕು ಮನೆಯವರನ್ನು ಕರೆದಿದ್ದಳು, ಆದರೆ ಚೆಲ್ಲಲು ಹೊಲವೆಲ್ಲಿ? ಬೆಳಿಗ್ಗೆ ಮಾವನವರು ಬಾಗಿಲ ಮುಂದಿನ ಹಸಿರು ಪ್ಲಾಸ್ಟಿಕ್ ಕಾಲೊರಸಿನ ಒಂದು ಮೂಲೆ ಕತ್ತರಿಸಿ, ಸೋಪು ಹಚ್ಚಿ ತೊಳೆದು, ನನ್ನ ತೋಪಿನ ಎದುರಿನ ಬಯಲಿನಲ್ಲಿ ಅಂಟಿಸಿದರು. ದೂರ ನಿಂತು ನೋಡಿದೆ. ದೇವರಾಣೆ ಹೇಳುತ್ತೇನೆ, ಮೊಣಕಾಲೆತ್ತರ ಬೆಳೆದ ಜೋಳದ ಹೊಲ! ಶರದೃತುವೆಂದರೆ ನಮ್ಮ ಕಡೆ ಒಂದೆಲೆಯೂ ಉದುರದೆ ಹೊಲವೆಲ್ಲ ತುಂಬಿ ನಿಲ್ಲುವ ಕಾಲ ಎಂಬುದು, ಹಲ್ಲುನೋವಿನಲ್ಲಿ ಕಂಡ ಒಂದು ಚಿತ್ರಕ್ಕೆ ಮಾರುಹೋದ ನನಗೆ ಹೊಳೆದೇ ಇರಲಿಲ್ಲ. ಮಾವನವರು ಸಾಸಿವೆಯಷ್ಟು ಕಡಬು ಮುರಿದು ಆ ಹೊಲಕ್ಕೆ ಚೆಲ್ಲಿ ಕೈಮುಗಿದರು. ಹಳಿಯ ಈ ಕಡೆ ಎಲೆ ಉದುರುವ ಪರದೇಶ, ಆ ಕಡೆ ತಲೆದೂಗುವ ಜೋಳ. ಇಂಥ ಊರು ಭೂಪಟದಲ್ಲಿ ಎಲ್ಲೂ ಸಿಗದು. ನನ್ನ ಹೆಮ್ಮೆಗೆ ಅದೂ ಒಂದು ಕಾರಣ.

ಬಂದವರೆಲ್ಲ ಸುತ್ತ ನೆರೆದ ಮೇಲೆ ಮಾವನವರು ಬಾವುಟಗಳನ್ನು ಕಿತ್ತು ಜೇಬಿಗಿಟ್ಟುಕೊಂಡರು. ಆದರೆ ಗಾಡಿ ಬಿಡುವ ಮೊದಲು ಗಿರಿಜಾ ಹಣೆಗಿಡುವ ಕೆಂಪು ಟಿಕಳಿಯೊಂದನ್ನು ತಂದು ವೇಗದ ಗುಂಡಿಯ ಕಾಲುಭಾಗದ ಗುರುತಿಗೆ ಅಂಟಿಸಿ, ಅದನ್ನು ದಾಟಕೂಡದೆಂದು ಅಪ್ಪಣೆ ಮಾಡಿದರು. ಹೊಸ ಹಳಿಯ ಮೇಲೆ ಗಾಡಿ ನಿಧಾನ ಹೋಗಬೇಕು. ಹೊರಟಿತು. ಕೋಣೆಯಲ್ಲಿ ಹಿಂದೆಂದೂ ಕೇಳದ ಸದ್ದು: ಟಕ್ ಟಕ್, ಟಕ್ ಟಕ್. ಪ್ರತಿ ಸಂದಿನ ಮೇಲೂ ಚಕ್ರ ಹಾಯುವ ಸದ್ದು. ನನ್ನ ಮೊದಲಿನ ಹಳಿ ಎಷ್ಟು ಮೂಗಿಯಾಗಿತ್ತೆಂದು ಆಗ ತಿಳಿಯಿತು. ಬಂದವರಲ್ಲಿ ಒಬ್ಬರು ಕಣ್ಣು ಮುಚ್ಚಿ, "ನಾನು ಊರಿಗೆ ಹೋಗ್ತಾ ಇದೀನಿ, ಯಾರೂ ಮಾತಾಡಿಸಬೇಡಿ" ಎಂದರು. ನಾನು ಮಾವನವರ ಮುಖ ನೋಡಿದೆ. ಅವರು ಕಿವಿ ಓರೆ ಮಾಡಿ ಆಲಿಸುತ್ತಿದ್ದರು. "ಹೆಂಗೈತ್ರಿ, ಮಾವಾರ?" ನಾನಾಗಿ ಬಾಯಿಬಿಟ್ಟು ಕೇಳಿದೆ, ಮಾನ ಬಿಟ್ಟು ಕೇಳಿದೆ ಎಂದರೂ ಸರಿ. ಅವರು, "ಒಂದು ಬ್ಯಾಸಿಗಿ ದಾಟ್ಲಿ, ಆಮ್ಯಾಲೆ ನೋಡೂಣು" ಎಂದರು.

ಡಿಸೆಂಬರಿನಲ್ಲಿ ಅವರು ಹೊರಟರು. ವಿಮಾನ ನಿಲ್ದಾಣದಲ್ಲಿ ಮಗಳ ತಲೆ ಸವರಿ, ನನ್ನ ಕಡೆ ತಿರುಗಿ, "ಬ್ಯಾಸಿಗ್ಯಾಗ ಲೈನ್ ನೋಡ್ಕೋರಿ" ಎಂದರು. ಇಪ್ಪತ್ತೆರಡು ವರ್ಷದ ಹಿಂದೆ ಮಗಳನ್ನು ಒಪ್ಪಿಸುವಾಗಲೂ ಅವರು ನನಗೆ ಇಷ್ಟು ಮಾತು ಹೇಳಿರಲಿಲ್ಲ. ನಾನು ಏಳು ತಿಂಗಳು ಆ ಟಿಕಳಿಯನ್ನು ದಾಟಲಿಲ್ಲ. ಹೌದು, ಅವರು ಸಾವಿರಾರು ಮೈಲಿ ದೂರವಿದ್ದರು, ಗುಂಡಿ ನನ್ನ ಕೈಯಲ್ಲೇ ಇತ್ತು. ಆದರೂ ಕೈ ಆ ಕೆಂಪಿನ ಹತ್ತಿರ ಹೋದೊಡನೆ ನಿಲ್ಲುತ್ತಿತ್ತು. ಗೆಳೆಯರು ಬಂದು "ಸ್ವಲ್ಪ ಜೋರಾಗಿ ಬಿಡ್ರೀ" ಎಂದರೆ, "ಮೇಲಿನವರ ಅಪ್ಪಣೆ ಇಲ್ಲ" ಎನ್ನುತ್ತಿದ್ದೆ.

ಈ ವರ್ಷ ಜುಲೈ ಬಂತು. ರಜೆಗೆ ಹೋಗುವ ಮುಂಚೆಯೇ ಪರೀಕ್ಷೆಯಾಗಿಬಿಡಲಿ ಎಂದು ಒಂದು ಶುಕ್ರವಾರ, ನಡುಮಧ್ಯಾಹ್ನ, ಮನೆಯ ಎಲ್ಲ ಎ.ಸಿ. ಆರಿಸಿ, ಕಿಟಕಿ ತೆರೆದು ಬಿಸಿಗಾಳಿಯನ್ನು ಒಳಗೆ ಕರೆದೆ. ಗಿರಿಜಾ, "ನಿಮಗ ತಲಿ ಕೆಟ್ಟೈತಿ" ಎಂದವಳು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ನನ್ನ ಪಕ್ಕದಲ್ಲೇ ಕೂತಳು, ಎದ್ದು ಹೋಗಲಿಲ್ಲ. ಎರಡು ತಾಸು ಬೆವರಿನಲ್ಲಿ ತೊಯ್ದು ಹಳಿಗಳನ್ನು ಕಾದೆವು. ಸಂದುಗಳು ಕಣ್ಣೆದುರೇ ಕಿರಿದಾದವು. ನನ್ನ ವಿಸಿಟಿಂಗ್ ಕಾರ್ಡಿನ ತುಂಡನ್ನು ತೂರಿಸಲು ನೋಡಿದರೆ ತೂರಲಿಲ್ಲ. ಹಳಿ ಹಳಿಗೆ ಬಂದು ಮುಟ್ಟಿ ನಿಂತಿತು. ಆದರೆ ಏಳಲಿಲ್ಲ, ಹೊರಳಲಿಲ್ಲ, ಒಂದು ಮರವೂ ಅಲುಗಲಿಲ್ಲ. ಗದಗಿಗೆ ವಿಡಿಯೊ ಕರೆ ಹಚ್ಚಿದೆ.

"ಫೋನ ಲೈನ್ ಮ್ಯಾಲೆ ಮಲಗಸ್ರಿ" ಎಂದರು ಮಾವನವರು. ಕ್ಯಾಮೆರಾ ಹಳಿಯುದ್ದಕ್ಕೆ ನೋಡುವಂತೆ ಅಂಚಿನ ಮೇಲೆ ಮಲಗಿಸಿದೆ. ಇತ್ತ ಪರದೆಯ ಮೇಲೆ ಅವರ ಮುಖ ಮಾಯವಾಗಿ ಒಂದು ಕಿವಿಯೂ ಬಿಳಿಗೂದಲೂ ಮಾತ್ರ ಕಾಣಿಸಿದವು. ಅಭ್ಯಾಸಬಲದಿಂದ ಅವರು ಅಲ್ಲಿ, ತಮ್ಮ ಮನೆಯ ಜಗಲಿಯಲ್ಲಿ, ಫೋನಿನ ಮುಂದೆ ಕೆನ್ನೆಯೂರಿ ಒಂದು ಕಣ್ಣು ಮುಚ್ಚಿದ್ದರು. ಫೋನನ್ನು ಹಳಿಯ ಮೇಲೆ ಅಂಗುಲ ಅಂಗುಲವಾಗಿ ಸರಿಸುತ್ತ ಪೂರ್ತಿ ಒಂದು ಸುತ್ತು ಹಾಕಿಸಿದೆ: ನಿಲ್ದಾಣ, ಸೇತುವೆ, ಜೋಳದ ಹೊಲ, ತೋಪಿನ ತಿರುವು. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಗಿರಿಜಾ ನನ್ನ ಭುಜ ಹಿಡಿದುಕೊಂಡಿದ್ದಳು.

"ಲೈನ್ ಫಿಟ್" ಎಂದರು ಮಾವನವರು. ಆಮೇಲೆ, "ಗಾಡಿ ಬಿಡ್ರಿ, ಅಳಿಯಂದ್ರ. ಜೋರ ಬಿಡ್ರಿ" ಎಂದರು.

ಟಿಕಳಿಯನ್ನು ಗಿರಿಜಾಳೇ ಉಗುರಿನಿಂದ ಕಿತ್ತಳು. ನಾನು ಗುಂಡಿಯನ್ನು ಕೊನೆಯ ತನಕ ತಿರುಗಿಸಿದೆ. ಅರವತ್ತು ಸಮೀಪಿಸುತ್ತಿರುವ ಮನುಷ್ಯ ಬೆವರಿನಲ್ಲಿ ನೆಂದು, ಬನಿಯನ್ನಿನಲ್ಲಿ ನಿಂತು, ಆಟದ ರೈಲು ನೋಡಿ ಅತ್ತನೆಂದು ನೀವು ನಕ್ಕರೆ ನಗಿ. ಆ ಹೊತ್ತಿನಲ್ಲಿ ನನಗಾದ ಹೆಮ್ಮೆ ಮನೆ ಕಟ್ಟಿಸಿದಾಗಲೂ ಆಗಿರಲಿಲ್ಲ.

ಇವತ್ತು ಬೆಳಿಗ್ಗೆ ಎದ್ದು ನೋಡುತ್ತೇನೆ, ಚರಟದ ತಾಟು ಆಗಲೇ ಬಾಲ್ಕನಿಯ ಬಿಸಿಲಿನಲ್ಲಿತ್ತು. ಪಕ್ಕದಲ್ಲಿ ಹಿಟ್ಟಿನ ಜರಡಿ. ಮಾನ ಉಳಿಸಿಕೊಳ್ಳಲು ಕೂದಲಿನ ಔಷಧ ಎಂದಿದ್ದ ನನ್ನ ಹೆಂಡತಿ, ಈಗ ಎದುರು ಬಾಲ್ಕನಿಯವರಿಗೆ ಕೇಳುವಷ್ಟು ಜೋರಾಗಿ ಫೋನಿನಲ್ಲಿ ಹೇಳುತ್ತಿದ್ದಳು: "ಹೂನಪ್ಪಾ, ಸಣ್ಣ ಜರಡೀನ ಹಿಡದೇನಿ. ಇಲ್ಲ, ಇಲ್ಲ, ಲೈನ್ ಮ್ಯಾಲೆ ಒಂದೆಲಿನೂ ಬೀಳಗೊಡೂದಿಲ್ಲ."